ಕಲನಶಾಸ್ತ್ರದ ಉತ್ತರಕ್ಕೆ ಎರಡು ಅಳತೆಗಳು

ಮಾವಳ್ಳಿಯ ಮನೆಯಿಂದ ಬಸವನಗುಡಿಯ ಕಾಲೇಜಿಗೆ ನಡೆದುಹೋಗಿ ಓದಿ, ಎಂಜಿನಿಯರಿಂಗ್ ವಿದ್ಯೆಯನ್ನು ಬಯಸುವ ವಿದ್ಯಾರ್ಥಿಯ ಕಲನಶಾಸ್ತ್ರದ ತಿಳಿವನ್ನು ನಮ್ಮ ನಾಡಿನಲ್ಲಿ ಎರಡು ಬಾರಿ ಅಳೆಯುವುದುಂಟು: ಒಮ್ಮೆ ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿ, ಮತ್ತೊಮ್ಮೆ ಸಿ.ಇ.ಟಿ.ಯಲ್ಲಿ. ಈ ಎರಡು ಅಳತೆಗಳ ತತ್ತ್ವಗಳು ಭಿನ್ನವಾದುವು. ಅವು ಹೇಗೆ ಒಂದಕ್ಕೊಂದು ಜೋಡಣೆಗೊಂಡುವು, 2022ರಲ್ಲಿ ಆ ಜೋಡಣೆ ನ್ಯಾಯಾಲಯದ ಮೆಟ್ಟಿಲೇರಿದುದೇಕೆ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಮೊದಲನೆಯ ಅಳತೆ ಹಳೆಯದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಪರೀಕ್ಷೆ ನಡೆಸುವ ಸಂಸ್ಥೆಗಳು ಮುಂದೆ ಹಲವು ಬಾರಿ ಬದಲಾದರೂ, ಬರೆದ ಉತ್ತರವನ್ನು ಪರೀಕ್ಷಕನು ಓದಿ ಅಂಕವೀಯುವ ಕ್ರಮ ಮಾತ್ರ ಉಳಿದುಬಂದಿತು. ಗಣಿತದಲ್ಲಿ ಈ ಓದು ಹಂತಹಂತವಾದುದು. ಉದಾಹರಣೆಗೆ, ದೀರ್ಘವೃತ್ತದ ಕ್ಷೇತ್ರಫಲವನ್ನು ಅನುಕಲನದಿಂದ ಕಂಡುಹಿಡಿಯುವ ಐದು ಅಂಕದ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ಚಿತ್ರ, ಮಿತಿಗಳೊಡನೆ ಬರೆದ ಅನುಕಲ, ಅದನ್ನು ಬಿಡಿಸುವ ಕ್ರಮ, ಕೊನೆಯ ಬೆಲೆ, ಇವುಗಳಿಗೆ ಅಂಕಗಳು ಹಂಚಿಹೋಗುತ್ತವೆ. ಕೊನೆಯ ಸಾಲಿನಲ್ಲಿ ಎಡವಿದವನು ಎಲ್ಲವನ್ನೂ ಕಳೆದುಕೊಳ್ಳುವುದಿಲ್ಲ.

ಎರಡನೆಯ ಅಳತೆ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯೊಡನೆ ಬಂದಿತು. ಇಂದಿನ ಕ್ರಮದಲ್ಲಿ ಗಣಿತಕ್ಕೆ 60 ಪ್ರಶ್ನೆಗಳು, 80 ನಿಮಿಷಗಳು. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಡಿತವಿಲ್ಲ. ಉತ್ತರಕ್ಕೆ ತಲಪಿದ ದಾರಿಯನ್ನು ಇಲ್ಲಿ ಯಾರೂ ನೋಡುವುದಿಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿ.ಯು.ಸಿ.ಯ ಗಣಿತ, ಭೌತ, ರಸಾಯನಶಾಸ್ತ್ರಗಳ ಅಂಕವನ್ನೂ ಸಿ.ಇ.ಟಿ. ಅಂಕವನ್ನೂ ಸಮಪಾಲಿನಲ್ಲಿ ಕೂಡಿಸುವ ಪದ್ಧತಿ ಬೆಳೆಯಿತು. ಅಮೆರಿಕದ ಕಾಲೇಜ್ ಬೋರ್ಡ್ 1956ರಿಂದ ನಡೆಸುತ್ತಿರುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳ ಪೈಕಿ ಕಲನಶಾಸ್ತ್ರದ ಪರೀಕ್ಷೆಯಲ್ಲಿಯೂ ಇಂಥ ಸಮಪಾಲುಂಟು. ಅಲ್ಲಿ ಆಯ್ಕೆಯ ಪ್ರಶ್ನೆಗಳೂ ಬಿಡಿಸಿ ಬರೆಯುವ ಪ್ರಶ್ನೆಗಳೂ ಒಂದೇ ಪರೀಕ್ಷೆಯ ಎರಡು ಭಾಗಗಳು. ನಮ್ಮಲ್ಲಾದರೋ ಅವು ಎರಡು ಬೇರೆ ಪರೀಕ್ಷೆಗಳು.

ಈ ಜೋಡಣೆಯ ದೌರ್ಬಲ್ಯ 2021ರಲ್ಲಿ ಬಯಲಾಯಿತು. ಕೋವಿಡ್ ವ್ಯಾಧಿಯ ದೆಸೆಯಿಂದ ಆ ವರ್ಷದ ದ್ವಿತೀಯ ಪಿ.ಯು.ಸಿ. ಪರೀಕ್ಷೆ ರದ್ದಾಗಿ, ಎಸ್.ಎಸ್.ಎಲ್.ಸಿ.ಗೆ ಶೇಕಡ 45, ಪ್ರಥಮ ಪಿ.ಯು.ಸಿ.ಗೆ ಶೇಕಡ 45, ಆಂತರಿಕ ಮೌಲ್ಯಮಾಪನಕ್ಕೆ ಶೇಕಡ 10ರಂತೆ ಅಂಕಗಳನ್ನು ಗಣಿಸಲಾಯಿತು. ಎಸ್.ಎಸ್.ಎಲ್.ಸಿ. ಗಣಿತದಲ್ಲಿ ಕಲನಶಾಸ್ತ್ರವೇ ಇಲ್ಲ. ಪ್ರಥಮ ವರ್ಷದಲ್ಲಿ ಮಿತಿ ಮತ್ತು ಅವಕಲನಗಳ ಆರಂಭ ಮಾತ್ರ. ಅನುಕಲನವಿರುವುದು ದ್ವಿತೀಯ ವರ್ಷದಲ್ಲಿ. ಆದಕಾರಣ ಆ ಸಾಲಿನ ಗಣಿತದ ಅಂಕಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅನುಕಲನದ ಸೋಂಕಿಲ್ಲದ ಪರೀಕ್ಷೆಗಳಿಂದ ಬಂದುದಾಗಿತ್ತು. ಆ ವರ್ಷದ ರ್‍ಯಾಂಕುಗಳನ್ನು ಸಿ.ಇ.ಟಿ. ಒಂದರಿಂದಲೇ ನಿರ್ಣಯಿಸಲಾಯಿತು.

ತೊಡಕು ಉಂಟಾದುದು ಮರುವರ್ಷ. 2021ರಲ್ಲಿ ಉತ್ತೀರ್ಣರಾದ ಸುಮಾರು 24,000 ಮಂದಿ 2022ರ ಸಿ.ಇ.ಟಿ.ಗೆ ಮತ್ತೆ ಕುಳಿತರು. ಅವರ ಪಿ.ಯು.ಸಿ. ಅಂಕಗಳನ್ನು ಲೆಕ್ಕಕ್ಕೆ ಹಿಡಿಯದಿರಲು, ಅವರು ಹೈಕೋರ್ಟಿನ ಮೊರೆಹೊಕ್ಕರು. ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಸಲ್ಲಿಸಿದ ಬಳಿಕ, ಆ ಅಂಕಗಳನ್ನು ಒಂದಿಷ್ಟು ತಗ್ಗಿಸಿ ಪರಿಗಣಿಸುವ ಸೂತ್ರವನ್ನು ವಿಭಾಗೀಯ ಪೀಠ ಅಂಗೀಕರಿಸಿತು. ರ್‍ಯಾಂಕುಗಳು ಹೊಸದಾಗಿ ಪ್ರಕಟವಾದುವು.

ಈ ಸಂಧಾನವನ್ನು ನಾವು ಆಕ್ಷೇಪಿಸುವುದಿಲ್ಲ. ಎರಡು ಸಾಲಿನ ವಿದ್ಯಾರ್ಥಿಗಳಿಗೂ ನ್ಯಾಯ ಸಲ್ಲಬೇಕಾಗಿತ್ತು. ಆದರೆ ಅದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಹಂತದ ಅಂಕವನ್ನು ಪ್ರಶ್ನಿಸುವವನು ಉತ್ತರಪತ್ರಿಕೆಯ ಒಂದು ಸಾಲನ್ನು ತೋರಿಸಬಲ್ಲನು, ಸಿ.ಇ.ಟಿ. ಅಂಕವನ್ನು ಪ್ರಶ್ನಿಸುವವನು ಪ್ರಕಟಿತ ಸರಿಯುತ್ತರವನ್ನು ತೋರಿಸಬಲ್ಲನು. 2021ರ ಅಂಕವನ್ನು ಪ್ರಶ್ನಿಸುವವನಿಗೆ ತೋರಿಸಲು ದ್ವಿತೀಯ ವರ್ಷದ ಉತ್ತರಪತ್ರಿಕೆಯೇ ಇರಲಿಲ್ಲ. ಆದ್ದರಿಂದಲೇ ಸೂತ್ರವು ವ್ಯಕ್ತಿಯನ್ನು ಬಿಟ್ಟು ಇಡೀ ಸಾಲನ್ನು ತೂಗಬೇಕಾಯಿತು.

2023–24ನೆಯ ಸಾಲಿನಿಂದ ಗಣಿತದ ನೂರು ಅಂಕಗಳಲ್ಲಿ 80 ಮಾತ್ರ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಸಂದಿವೆ. ಈ ಇಪ್ಪತ್ತಕ್ಕೂ ಬರಹದ ಆಧಾರವನ್ನು ಕಾಲೇಜುಗಳು ಕಾಪಾಡಿಕೊಂಡಲ್ಲಿ, ಮುಂದೊಂದು ವಿವಾದವೆದ್ದಾಗ ವಿದ್ಯಾರ್ಥಿಗೆ ತೋರಿಸಲು ಏನಾದರೂ ಉಳಿದಿರುವುದು. ಪ್ರಶ್ನಪತ್ರಿಕೆಗಳನ್ನೂ ಅಂಕಹಂಚಿಕೆಯ ಮಾದರಿಗಳನ್ನೂ ಇತಿಹಾಸದ ಆಕರಗಳೆಂದು ಸಂಗ್ರಹಿಸುವುದು ಅಧ್ಯಾಪಕರ ಕರ್ತವ್ಯವೆಂದು ನಮ್ಮ ಅಭಿಪ್ರಾಯ.