ಬಯಲಲ್ಲೇ ಮರಿ ಹಾಕುವ ಕುರಿ: ಉಣ್ಣೆ ಕತ್ತರಿಸುವುದು ಯಾವಾಗ?

ನ್ಯೂಜಿಲೆಂಡ್‌ನ ಕುರಿಗಳು ಮಳೆ, ಗಾಳಿ, ಹಿಮ ಏನೇ ಇದ್ದರೂ ವರ್ಷವಿಡೀ ಹುಲ್ಲುಗಾವಲಿನಲ್ಲೇ ಮೇಯುತ್ತವೆ, ಬಹುತೇಕ ಅಲ್ಲಿಯೇ ಮರಿ ಹಾಕುತ್ತವೆ. 1982ರಲ್ಲಿ ಏಳು ಕೋಟಿಯಷ್ಟಿದ್ದ ಅಲ್ಲಿನ ಕುರಿಗಳ ಸಂಖ್ಯೆ ಈಗ ಎರಡೂವರೆ ಕೋಟಿಗಿಂತ ಕೆಳಗಿಳಿದಿದೆ. ಆದರೆ ಚಳಿಗಾಲ ಬಂದಾಗ ಕುರಿಗಾರರನ್ನು ಕಾಡುವ ಪ್ರಶ್ನೆ ಬದಲಾಗಿಲ್ಲ. ಗಬ್ಬದ ಕುರಿಯ ಉಣ್ಣೆಯನ್ನು ಮರಿ ಹಾಕುವ ಮುನ್ನ ಕತ್ತರಿಸಬೇಕೇ, ಅನಂತರವೇ? ಮುನ್ನವಾದರೆ ಎಷ್ಟು ದಿನ ಮುನ್ನ? ಲೆಕ್ಕ ತಪ್ಪಿದರೆ ನಷ್ಟವಾಗುವುದು ಉಣ್ಣೆ ಮಾತ್ರವಲ್ಲ. ತಾಯಿ ಮತ್ತು ಮರಿಯ ಜೀವವೂ ಹೌದು.

ದಕ್ಷಿಣ ಗೋಳಾರ್ಧದ ಈ ದೇಶದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಮಾರ್ಚ್-ಏಪ್ರಿಲ್‌ನಲ್ಲಿ ಟಗರನ್ನು ಹಿಂಡಿಗೆ ಬಿಟ್ಟರೆ, ಸುಮಾರು 147 ದಿನಗಳ ಗರ್ಭಾವಧಿಯ ನಂತರ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಮರಿಗಳು ಹುಟ್ಟುತ್ತವೆ. ದಕ್ಷಿಣದ ಎತ್ತರದ ಪ್ರದೇಶಗಳಲ್ಲಿ ಇದು ಅಕ್ಟೋಬರ್‌ವರೆಗೂ ಮುಂದುವರಿಯುತ್ತದೆ. ಹೊಸ ಹುಲ್ಲು ಚಿಗುರುವಾಗ ತಾಯಿಗೆ ಹಾಲೂಡಿಸಲು ಸಾಕಷ್ಟು ಮೇವು ಸಿಗಲೆಂಬುದೇ ಇದರ ಉದ್ದೇಶ. ಉಣ್ಣೆ ಕತ್ತರಿಸುವ ದಿನವನ್ನೂ ಮರಿ ಹಾಕುವ ದಿನದಿಂದಲೇ ಹಿಂದಕ್ಕೆ ಎಣಿಸಿ ಗೊತ್ತುಮಾಡಲಾಗುತ್ತದೆ. ಮೂರು ಕಾಲಗಳು ರೂಢಿಯಲ್ಲಿವೆ.

ಮರಿ ಹಾಕುವ ಕೆಲವು ವಾರ ಮುನ್ನ

ನವಿರು ಉಣ್ಣೆಯ ಮೆರಿನೊ ಕುರಿಗಳಲ್ಲಿ ಈ ಪದ್ಧತಿ ಹೆಚ್ಚು. ಮರಿ ಹಾಕುವ ಸಮಯದಲ್ಲಿ ಪೋಷಣೆಯ ಒತ್ತಡದಿಂದ ಉಣ್ಣೆಯ ಎಳೆ ತೆಳುವಾಗಿ ಬಲಹೀನವಾಗುತ್ತದೆ. ಅದಕ್ಕೆ ಸ್ವಲ್ಪ ಮುನ್ನ ಕತ್ತರಿಸಿದರೆ, ಮುಂದೆ ಬೆಳೆಯುವ ಎಳೆಯಲ್ಲಿ ದುರ್ಬಲ ಭಾಗ ನಡುವೆ ಬಾರದೆ ತುದಿಯ ಬಳಿ ಉಳಿಯುತ್ತದೆ, ಉಣ್ಣೆ ಗಟ್ಟಿಯಾಗಿರುತ್ತದೆ. ಇನ್ನೊಂದು ಲಾಭವೂ ಇದೆ. ಮೈತುಂಬ ಉಣ್ಣೆಯಿರುವ ತಾಯಿಗೆ ಚಳಿಯ ಪರಿವೆಯೇ ಇರುವುದಿಲ್ಲ, ಬಯಲ ನಡುವೆಯೇ ಮರಿ ಹಾಕಿಬಿಡುತ್ತದೆ. ಉಣ್ಣೆ ಕಳೆದುಕೊಂಡ ತಾಯಿ ಚಳಿಗೆ ಮರಗಳ ಸಾಲನ್ನೋ ತಗ್ಗನ್ನೋ ಹುಡುಕುತ್ತದೆ. ಒದ್ದೆ ಮೈಯ ಮರಿಗೂ ಆ ಆಸರೆ ದೊರೆಯುತ್ತದೆ.

ಅಪಾಯವಿರುವುದೂ ಇಲ್ಲಿಯೇ. ತುಂಬು ಉಣ್ಣೆಯ ಕುರಿ ಶೂನ್ಯಕ್ಕಿಂತ ಕಡಿಮೆ ಉಷ್ಣಾಂಶವನ್ನೂ ತಾಳಬಲ್ಲದು. ಆಗಷ್ಟೇ ಕತ್ತರಿಸಿಕೊಂಡ ಕುರಿಗೆ 20 ಡಿಗ್ರಿ ಸೆಲ್ಸಿಯಸ್ ಕೂಡ ಚಳಿಯೇ. ಮಳೆ ಮತ್ತು ಗಾಳಿ ಒಟ್ಟಿಗೆ ಬಂದರೆ ಒಂದೇ ರಾತ್ರಿಯಲ್ಲಿ ಹಿಂಡಿನ ಹಲವು ಕುರಿಗಳು ಸಾಯಬಹುದು.

ಗರ್ಭಾವಧಿಯ ನಡುವೆ

ಪಾಮರ್‌ಸ್ಟನ್ ನಾರ್ತ್‌ನ ಮ್ಯಾಸಿ ವಿಶ್ವವಿದ್ಯಾಲಯದ ಸಂಶೋಧಕರು ಈ ಕಾಲವನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಗರ್ಭದ ಸುಮಾರು 50ರಿಂದ 100ನೇ ದಿನದ ನಡುವೆ ಉಣ್ಣೆ ಕತ್ತರಿಸಿದಾಗ ಹುಟ್ಟುವ ಮರಿಗಳ ತೂಕ ಹೆಚ್ಚಬಲ್ಲದು ಎಂಬುದು ಅದರ ಸಾರ. ಸಣ್ಣದಾಗಿ ಹುಟ್ಟುವ ಅವಳಿ ಮರಿಗಳಿಗೆ ಇದರಿಂದ ಹೆಚ್ಚು ಪ್ರಯೋಜನ. ತೂಕವಿರುವ ಮರಿ ಮೊದಲ ಮೂರು ದಿನಗಳ ಚಳಿಯನ್ನು ಗೆಲ್ಲುವ ಸಾಧ್ಯತೆ ಹೆಚ್ಚು. ಆದರೆ ಷರತ್ತುಗಳಿವೆ: ಮರಿ ಇಲ್ಲವಾದರೆ ಸಣ್ಣದಾಗಿಯೇ ಹುಟ್ಟುವಂತಿರಬೇಕು, ತಾಯಿಯ ಮೈಯಲ್ಲಿ ಅಥವಾ ಮೇವಿನಲ್ಲಿ ಅದನ್ನು ಬೆಳೆಸುವ ಶಕ್ತಿಯಿರಬೇಕು. ಬಡಕಲು ಹಿಂಡಿಗೆ ಈ ಲಾಭ ದಕ್ಕದು.

ಮರಿ ಹಾಕಿದ ನಂತರ

ಡಿಸೆಂಬರ್-ಜನವರಿಯ ಬೇಸಿಗೆಯಲ್ಲಿ ಕತ್ತರಿಸಿದರೆ ಚಳಿಯ ಭಯ ಕಡಿಮೆ. ಆದರೆ ಬೇಸಿಗೆಗೆ ಮುನ್ನವೇ ನೊಣಗಳು ಉದ್ದ ಉಣ್ಣೆಯಲ್ಲಿ ಮೊಟ್ಟೆಯಿಟ್ಟು ಹುಳ ಬೀಳಬಹುದು. ಭಾರವಾದ ಉಣ್ಣೆ ಹೊತ್ತ ಗಬ್ಬದ ಕುರಿ ಬೆನ್ನ ಮೇಲೆ ಉರುಳಿದರೆ ಏಳಲಾಗದೆ ಸಾಯುವುದೂ ಉಂಟು. ಆದ್ದರಿಂದ ಹೀಗೆ ಮಾಡುವವರು ಮರಿ ಹಾಕುವ ಮುನ್ನ ಹಿಂಭಾಗದ ಉಣ್ಣೆಯನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ.

ನಿರ್ಧರಿಸುವುದು ಮೇವು, ಆಸರೆ

ಚಳಿಯಲ್ಲಿ ಕತ್ತರಿಸುವವರು ಕೆಲವು ಎಚ್ಚರಿಕೆ ವಹಿಸುತ್ತಾರೆ. ಸ್ಕ್ಯಾನಿಂಗ್ ಮೂಲಕ ಅವಳಿ ಹೊತ್ತ ಕುರಿಗಳನ್ನು ಮೊದಲೇ ಬೇರ್ಪಡಿಸುತ್ತಾರೆ. ಮೈಮೇಲೆ ಒಂದಿಷ್ಟು ಉಣ್ಣೆ ಉಳಿಸುವ ವಿಶೇಷ ಬಾಚಣಿಗೆಯನ್ನು ಯಂತ್ರಕ್ಕೆ ಜೋಡಿಸುತ್ತಾರೆ. ದಕ್ಷಿಣ ದ್ವೀಪದ ಬೆಟ್ಟಪ್ರದೇಶದಲ್ಲಿ ಕೈಕತ್ತರಿ ಇಂದಿಗೂ ಉಳಿದಿರುವುದು ಇದೇ ಕಾರಣಕ್ಕೆ. ಕತ್ತರಿಸುವ ಮುನ್ನ ಕುರಿಗಳನ್ನು ಉಪವಾಸವಿಡುವುದು ವಾಡಿಕೆ; ಗಬ್ಬದ ಕುರಿಗಳಿಗೆ ಈ ಅವಧಿಯನ್ನು ಮೊಟಕುಗೊಳಿಸಲೇಬೇಕು. ಕೊನೆಯ ವಾರಗಳಲ್ಲಿ ಮೇವು ತಪ್ಪಿದರೆ ರಕ್ತದಲ್ಲಿ ಸಕ್ಕರೆ ಅಂಶ ಕುಸಿದು ತಾಯಿಯೇ ಸಾಯಬಹುದು.

ಎಲ್ಲ ಹಿಂಡುಗಳಿಗೂ ಒಪ್ಪುವ ದಿನ ಎಂಬುದಿಲ್ಲ. ಕತ್ತರಿಸಿದ ನಂತರದ ಎರಡು ವಾರ ಹೆಚ್ಚುವರಿ ಹುಲ್ಲು ಮತ್ತು ಗಾಳಿ ತಡೆಯುವ ಜಾಗ ಕಾದಿರಿಸಿರುವ ಕುರಿಗಾರ ಚಳಿಯಲ್ಲೂ ಕತ್ತರಿ ಹಿಡಿಯಬಹುದು. ಅವೆರಡೂ ಇಲ್ಲದವನು ಬೇಸಿಗೆಗೆ ಕಾಯುವುದೇ ಲೇಸು.