ದಡದಲ್ಲಿ ಕುಳಿತವರು

ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವುದಕ್ಕೆ ಯಾರೂ ಅರ್ಜಿ ಹಾಕುತ್ತಿರಲಿಲ್ಲ. ಬೇಸಿಗೆ ರಜೆ ಬಂತೆಂದರೆ ಗಂಡುಹುಡುಗರ ಸೊಂಟಕ್ಕೆ ಹಗ್ಗ ಬಿಗಿದು, ಬೆನ್ನಿಗೊಂದು ಒಣಗಿದ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ನೂಕಿಬಿಡುತ್ತಿದ್ದರು. ನಾಲ್ಕು ದಿನ ನೀರು ಕುಡಿದವರು ಐದನೆಯ ದಿನ ತೇಲುತ್ತಿದ್ದರು. ಹೆಣ್ಣುಮಕ್ಕಳಾದ ನಮಗೆ ಬಾವಿಯೆಂದರೆ ರಾಟೆ, ಹಗ್ಗ, ಕೊಡ ಅಷ್ಟೇ. ನೀರಿನ ಭಾರ ಎಷ್ಟೆಂದು ನಮ್ಮ ಸೊಂಟಕ್ಕೆ ಚೆನ್ನಾಗಿ ಗೊತ್ತಿತ್ತು. ಅದೇ ನೀರು ನಮ್ಮ ಭಾರವನ್ನೂ ಹೊರಬಲ್ಲದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಈಜು ಬರುವುದು ಒಂದು, ಈಜಿನ ತಂಡಕ್ಕೆ ಸೇರುವುದು ಇನ್ನೊಂದು. ತಂಡವೆಂದರೆ ಅಲ್ಲೊಂದು ಪುಸ್ತಕವಿರುತ್ತದೆ. ಅದರಲ್ಲಿ ಹೆಸರು, ವಯಸ್ಸು, ತಂದೆಯ ಸಹಿ ಇರುತ್ತವೆ. ಯಾರೋ ಗಡಿಯಾರ ಹಿಡಿದು ನಿಂತಿರುತ್ತಾರೆ. ಇವತ್ತು ಎಷ್ಟು ಸೆಕೆಂಡು, ಕಳೆದ ತಿಂಗಳು ಎಷ್ಟಿತ್ತು ಎಂದು ಬರೆದಿಡುತ್ತಾರೆ. ಮೂವತ್ತು ವರ್ಷ ಹಾಜರಿ ಪುಸ್ತಕದ ಜೊತೆಗೆ ಬದುಕಿದ ನನಗೆ ಇದರ ಬೆಲೆ ಗೊತ್ತು. ಹೆಸರು ಪುಸ್ತಕದಲ್ಲಿದ್ದರೆ ಮಗು ಬಾರದ ದಿನ ಯಾರಾದರೂ ಕೇಳುತ್ತಾರೆ. ಈಜಿನ ಲೋಕದಲ್ಲಿ ಈ ಪುಸ್ತಕ ಹೆಣ್ಣುಮಕ್ಕಳಿಗೆ ತೆರೆದದ್ದು ಯಾವಾಗ ಎಂದು ಹುಡುಕುತ್ತ ಹೋದರೆ ಸಿಗುವ ಕಥೆ ಸ್ವಾರಸ್ಯವಾಗಿದೆ. ಅದರಲ್ಲಿ ಮುಖ್ಯ ಕೆಲಸ ಮಾಡಿದವಳು ಹೆಸರಾಂತ ಈಜುಗಾರ್ತಿಯೇ ಅಲ್ಲ.

ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಈಜು ಸ್ಪರ್ಧೆ ಮೊದಲು ಇಟ್ಟದ್ದು 1912ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಆಗ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಫ್ಯಾನಿ ಡ್ಯುರಾಕ್, ಮೀನಾ ವೈಲಿ ಎಂಬ ಇಬ್ಬರು ಒಳ್ಳೆಯ ಈಜುಗಾರ್ತಿಯರಿದ್ದರು. ಅವರನ್ನು ತಡೆದದ್ದು ಗಂಡಸರಲ್ಲ, ಹೆಂಗಸರದೇ ಈಜು ಸಂಘ! ಗಂಡಸರು ನೋಡುವ ಕಡೆ ಹೆಣ್ಣುಮಕ್ಕಳು ಸ್ಪರ್ಧಿಸಬಾರದೆಂಬುದು ಅದರ ನಿಯಮವಾಗಿತ್ತು. ಸಂಘದ ಅಧ್ಯಕ್ಷೆ ರೋಸ್ ಸ್ಕಾಟ್ ಸಾಮಾನ್ಯಳಲ್ಲ, ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ವರ್ಷಗಟ್ಟಲೆ ಹೋರಾಡಿದಾಕೆ. ಮತಪೆಟ್ಟಿಗೆಯ ತನಕ ಧೈರ್ಯವಾಗಿ ಬಂದ ಆಕೆಗೆ ಈಜುಕೊಳದ ಮೆಟ್ಟಿಲ ಬಳಿ ಮಾತ್ರ ಹೆಜ್ಜೆ ತಡೆಯಿತು. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ, ನಮ್ಮ ಮನೆಗಳ ಅನೇಕ ಹಿರಿಯರು ಕಣ್ಮುಂದೆ ಬಂದರು. ಹುಡುಗಿಯರ ಮೇಲೆ ಬೀಳುವ ಕಣ್ಣುಗಳ ಬಗ್ಗೆ ಆಕೆಗಿದ್ದ ಭಯ ಸುಳ್ಳಿನದಲ್ಲ. ಆದರೆ ಕಣ್ಣು ಹಾಕುವವರನ್ನು ಬಿಟ್ಟು ಹುಡುಗಿಯರನ್ನು ಒಳಗೆ ಕೂರಿಸುವುದು ಯಾವ ನ್ಯಾಯ? ಊರಿನ ಜನವೂ ಪತ್ರಿಕೆಗಳೂ ಗಲಾಟೆ ಮಾಡಿದ ಮೇಲೆ ನಿಯಮ ಬದಲಾಯಿತು, ರೋಸ್ ಸ್ಕಾಟ್ ರಾಜೀನಾಮೆ ಕೊಟ್ಟಳು. ಹುಡುಗಿಯರ ಪ್ರಯಾಣದ ಖರ್ಚಿಗೆ ಜನರೇ ಚಂದಾ ಎತ್ತಿದರು. ಫ್ಯಾನಿ 100 ಮೀಟರನ್ನು 1 ನಿಮಿಷ 22.2 ಸೆಕೆಂಡಿನಲ್ಲಿ ಈಜಿ ಚಿನ್ನ ತಂದಳು, ಮೀನಾ ಬೆಳ್ಳಿ.

ಆ ವರ್ಷ ಅಮೆರಿಕದಿಂದ ಒಬ್ಬ ಈಜುಗಾರ್ತಿಯೂ ಹೋಗಲಿಲ್ಲ. ಅಲ್ಲಿನ ಕ್ರೀಡೆಯ ಲಗಾಮು ಹಿಡಿದಿದ್ದ ಅಮೆಚೂರ್ ಅಥ್ಲೆಟಿಕ್ ಯೂನಿಯನ್‌ನ ಜೇಮ್ಸ್ ಸಲಿವನ್‌ಗೆ ಹೆಂಗಸರ ಸ್ಪರ್ಧೆಗಳೆಂದರೆ ಆಗುತ್ತಿರಲಿಲ್ಲ. 1914ರಲ್ಲಿ ಆತ ತೀರಿಕೊಂಡ. ಅದಾದ ಮೇಲೆ ಬೇಗನೆ ಈಜುಗಾರ್ತಿಯರ ಹೆಸರನ್ನೂ ನೋಂದಾಯಿಸಿಕೊಳ್ಳಲು ಯೂನಿಯನ್ ಒಪ್ಪಿತು. ಒಪ್ಪಿಸಲು ಓಡಾಡಿದವರಲ್ಲಿ ಮುಂದಾಳು ಷಾರ್ಲಟ್ ಎಪ್‌ಸ್ಟೀನ್.

ಈಕೆ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ಶೀಘ್ರಲಿಪಿಗಾರ್ತಿ. ಹುಟ್ಟಿದ್ದು 1884ರಲ್ಲಿ, ಯಹೂದಿ ಮನೆತನ. ವಾದ, ಪ್ರತಿವಾದ, ಸಾಕ್ಷಿ, ತೀರ್ಪು ಎಲ್ಲವನ್ನೂ ತಪ್ಪಿಲ್ಲದೆ ಬರೆದುಕೊಳ್ಳುವುದು ಅವಳ ಹೊಟ್ಟೆಪಾಡು. ಈಜುತ್ತಿದ್ದಳು, ಆದರೆ ಪದಕ ಗೆಲ್ಲುವಂಥ ಈಜಲ್ಲ. 1917ರಲ್ಲಿ ತನ್ನಂತೆಯೇ ದುಡಿಯುವ ಕೆಲವು ಹೆಂಗಸರನ್ನು ಸೇರಿಸಿ, ಕೆಲಸ ಮುಗಿದ ಮೇಲೆ ಸಂಜೆ ಈಜೋಣವೆಂದು ಮಹಿಳೆಯರ ಈಜು ಸಂಘ ಕಟ್ಟಿದಳು. ಸ್ವಂತ ಕೊಳವಿಲ್ಲ, ಹಣವೂ ಇಲ್ಲ. ಇದ್ದದ್ದು ಒಂದು ಪುಟ್ಟ ಒಳಾಂಗಣ ಕೊಳ. ಸದಸ್ಯತ್ವದ ಚಂದಾ ವರ್ಷಕ್ಕೆ 3 ಡಾಲರ್. ಮನೆಗೆಲಸ, ಕಚೇರಿ ಕೆಲಸ, ಅಂಗಡಿ ಕೆಲಸ ಮಾಡುವವರ ಮಕ್ಕಳೂ ಕೊಡಬಹುದಾದ ಮೊತ್ತವೆಂದು ಕಾಣುತ್ತದೆ.

ಹೇಳಿಕೊಡಲು ಬಂದವನು ಲೂಯಿ ಹ್ಯಾಂಡ್ಲಿ. 1904ರ ಒಲಿಂಪಿಕ್ಸ್‌ನಲ್ಲಿ ಗೆದ್ದಿದ್ದ ಈತ ಒಂದು ಕಾಸೂ ಸಂಬಳ ತೆಗೆದುಕೊಳ್ಳಲಿಲ್ಲ. ಈಗ ಎಲ್ಲ ಕೊಳಗಳಲ್ಲೂ ಕಾಣುವ ಕ್ರಾಲ್ ಈಜು, ಅಂದರೆ ಬೋರಲಾಗಿ ಮಲಗಿ ಒಂದೊಂದೇ ಕೈ ಬೀಸುತ್ತ ಕಾಲು ಬಡಿಯುವುದು, ಆಗಿನ್ನೂ ಹದಕ್ಕೆ ಬರುತ್ತಿತ್ತು. ಹೆಂಗಸರ ಮೈಗೆ ಅದು ಆಗದು, ಸುಸ್ತಾಗಿಬಿಡುತ್ತಾರೆ ಎಂದೇ ಬಹಳ ಜನ ನಂಬಿದ್ದರು. ಹ್ಯಾಂಡ್ಲಿ ಕಾಲಿನ ಲೆಕ್ಕ ಕಲಿಸಿದ. ಎರಡು ಕೈಗಳ ಒಂದು ಸುತ್ತಿಗೆ ಕಾಲು ಆರು ಸಲ, ಕೆಲವರಿಗೆ ಎಂಟು ಸಲ ಬಡಿಯಬೇಕು. ಮಗ್ಗಿ ಹೇಳಿಸಿದಂತೆ ಹೇಳಿಸಿರಬೇಕು! ಮೊಣಕಾಲನ್ನು ಹೆಚ್ಚು ಬಗ್ಗಿಸದೆ ಸೊಂಟದಿಂದ ಕಾಲು ಆಡಿಸಿದರೆ ಮೈ ನೀರಿನ ಮೇಲೆ ಸಮನಾಗಿ ನಿಲ್ಲುತ್ತದೆ, ದಣಿವು ಕಡಿಮೆ. ಆ ಹುಡುಗಿಯರು ದಾಖಲೆಗಳನ್ನು ಮುರಿಯತೊಡಗಿದ್ದು ಇಂಥ ಲೆಕ್ಕದಿಂದಲೇ.

ಇನ್ನು ಉಡುಪು. ಉಣ್ಣೆಯ ದಪ್ಪ ಬಟ್ಟೆ, ಕಾಲಿಗೆ ಉದ್ದನೆಯ ಕಾಲುಚೀಲ. ನೀರು ಕುಡಿದ ಉಣ್ಣೆ ಎಷ್ಟು ಭಾರವೆಂದು ಕಂಬಳಿ ಒಗೆದವರಿಗೆ ಹೇಳಬೇಕಾಗಿಲ್ಲ. 1919ರಲ್ಲಿ ಈ ಸಂಘದ ಎಥೆಲ್ಡಾ ಬ್ಲೈಬ್‌ಟ್ರೀ ನ್ಯೂಯಾರ್ಕಿನ ಮ್ಯಾನ್‌ಹಟನ್ ಬೀಚ್‌ನಲ್ಲಿ ಕಾಲುಚೀಲ ಬಿಚ್ಚಿಟ್ಟು ನೀರಿಗಿಳಿದಳು. ಬೆತ್ತಲೆ ಈಜಿದಳೆಂದು ಆರೋಪ ಹೊರಿಸಿ ಪೊಲೀಸರು ಹಿಡಿದುಕೊಂಡು ಹೋದರು! ಜನ ಅವಳ ಪರ ನಿಂತರು, ಬಿಡುಗಡೆಯಾಯಿತು. ಕಾಲುಚೀಲದ ಕಟ್ಟಳೆಯೂ ಸಡಿಲಾಯಿತು. ಈಕೆ ಪೋಲಿಯೊ ಬಡಿದ ಮೇಲೆ ಮೈಗೆ ಬಲ ಬರಲೆಂದು ಈಜಿಗೆ ಬಂದವಳು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗಿದ್ದ ಮೂರು ಈಜು ಸ್ಪರ್ಧೆಗಳಲ್ಲೂ ಚಿನ್ನ ಅವಳದೇ.

ಆ ಆಂಟ್‌ವರ್ಪ್ ಪ್ರಯಾಣವೇ ಒಂದು ಕಥೆ. ಸಂಘದ ಏಲೀನ್ ರಿಗ್ಗಿನ್, ಹೆಲೆನ್ ವೇನ್‌ರೈಟ್ ಇಬ್ಬರಿಗೂ ಆಗ 14 ವರ್ಷ, ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರ ವಯಸ್ಸು. ಇಷ್ಟು ಚಿಕ್ಕ ಮಕ್ಕಳನ್ನು ಕರೆದೊಯ್ಯುವುದಿಲ್ಲವೆಂದು ಅಧಿಕಾರಿಗಳು ಹಟ ಹಿಡಿದರು. ಸಂಘದ ಹೆಂಗಸರು ಬಿಡಲಿಲ್ಲ, ಜೊತೆಗೆ ನಾವು ಇರುತ್ತೇವೆ ಎಂದು ವಾದಿಸಿ ಒಪ್ಪಿಸಿದರು. ಹೋದದ್ದು ಸೈನಿಕರನ್ನು ಸಾಗಿಸುತ್ತಿದ್ದ ಹಳೆಯ ಹಡಗಿನಲ್ಲಿ. ಹಡಗಿನ ಮೇಲ್ಗಡೆ ಕ್ಯಾನ್ವಾಸಿನ ತೊಟ್ಟಿ ಕಟ್ಟಿ ಸಮುದ್ರದ ನೀರು ತುಂಬಿದ್ದರು. ಈಜುವಷ್ಟು ಜಾಗವಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ನಿಂತಲ್ಲೇ ಕೈಕಾಲು ಬಡಿದು ಅಭ್ಯಾಸ ಮಾಡಬೇಕಿತ್ತು. ನಮ್ಮ ಬಾವಿಯ ಹುಡುಗರಂತೆಯೇ ಅನ್ನಿ. ಅಲ್ಲಿ ತಲುಪಿ ನೋಡಿದರೆ ಈಜುವ ಜಾಗ ಕೋಟೆಯ ಕಂದಕದಂಥ ತೆರೆದ ಕಾಲುವೆ, ಕಪ್ಪು ನೀರು, ಮೈ ಮರಗಟ್ಟುವ ಚಳಿ. ಏಲೀನ್ ಹಲಗೆಯಿಂದ ಆ ಕಪ್ಪು ನೀರಿಗೆ ಧುಮುಕಿ ಚಿನ್ನ ಗೆದ್ದಳು, ಹೆಲೆನ್ ಬೆಳ್ಳಿ. ತಂಡದ ವ್ಯವಸ್ಥಾಪಕಿಯಾಗಿ ದಡದಲ್ಲಿದ್ದವಳು ಎಪ್‌ಸ್ಟೀನ್.

ಎಪ್‌ಸ್ಟೀನ್ ಮಾಡಿದ್ದೇನೆಂದು ಎಣಿಸಿದರೆ ಎಲ್ಲವೂ ಸಣ್ಣ ಕೆಲಸಗಳೇ. ಪತ್ರ ಬರೆಯುವುದು, ಚಂದಾ ಕೂಡಿಸುವುದು, ಕೊಳ ಗೊತ್ತುಮಾಡುವುದು, ಮಕ್ಕಳ ತಾಯಂದಿರಿಗೆ ಧೈರ್ಯ ಹೇಳುವುದು, ಪ್ರಯಾಣದಲ್ಲಿ ಕಾವಲಿರುವುದು. ನಮ್ಮಲ್ಲಿ ಹೆಂಗಸರು ಮನೆಮನೆಯಲ್ಲಿ ಮಾಡುವ, ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸಗಳಿವು. ಅವಳ ಮುಂದಾಳತನದಲ್ಲಿ ಈಜಿದ ಹುಡುಗಿಯರು 51 ವಿಶ್ವದಾಖಲೆಗಳನ್ನು ಮಾಡಿದರೆಂದು ಲೆಕ್ಕವಿದೆ. 1936ರಲ್ಲಿ ಹಿಟ್ಲರನ ಬರ್ಲಿನ್‌ನಲ್ಲಿ ಒಲಿಂಪಿಕ್ಸ್ ನಡೆದಾಗ ಅದರಲ್ಲಿ ಪಾಲ್ಗೊಳ್ಳಲು ನಿರಾಕರಿಸಿದಳು. 1938ರಲ್ಲಿ ತೀರಿಕೊಂಡಳು.

ಈ ಸಂಘದಿಂದ ಬಂದವರಲ್ಲಿ ಲೋಕಕ್ಕೆಲ್ಲ ಗೊತ್ತಾದವಳು ಗರ್ಟ್ರೂಡ್ ಎಡರ್ಲೆ, ಜರ್ಮನಿಯಿಂದ ವಲಸೆ ಬಂದ ಮಾಂಸದಂಗಡಿಯವನ ಮಗಳು. ಚಿಕ್ಕವಳಿದ್ದಾಗ ದಡಾರದಿಂದ ಕಿವಿ ಮಂದವಾಗಿತ್ತು. ನೀರಿಗಿಳಿದರೆ ಕಿವಿ ಇನ್ನೂ ಕೆಡುತ್ತದೆಂದು ವೈದ್ಯರು ಹೇಳಿದರೂ ಬಿಡಲಿಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರಿಲೇಯಲ್ಲಿ ಚಿನ್ನ, ತಾನೊಬ್ಬಳೇ ಈಜಿದ್ದರಲ್ಲಿ ಎರಡು ಕಂಚು. 1925ರಲ್ಲಿ ಇಂಗ್ಲಿಷ್ ಕಾಲುವೆ ದಾಟಲು ಸಂಘವೇ ಅವಳನ್ನು ಕಳಿಸಿತು, ಆಗಲಿಲ್ಲ. ಮರುವರ್ಷ ಆಗಸ್ಟ್ 6ರಂದು ಹದಿನಾಲ್ಕೂವರೆ ಗಂಟೆಯಲ್ಲಿ ದಾಟಿದಳು. ಅದುವರೆಗೆ ದಾಟಿದ್ದವರು ಐವರೇ, ಐವರೂ ಗಂಡಸರು. ಅವರಲ್ಲಿ ಅತಿ ವೇಗದವನಿಗಿಂತ ಇವಳು ಸುಮಾರು ಎರಡು ಗಂಟೆ ಮುಂದೆ. ಜೊತೆಯ ದೋಣಿಯಲ್ಲಿದ್ದವರು ತಂದೆ ಮತ್ತು ಅಕ್ಕ ಮಾರ್ಗರೆಟ್. ನೀರಿನಲ್ಲಿ ಉಜ್ಜಿ ಗಾಯವಾಗದಂಥ ಉಡುಪನ್ನು ತಂಗಿಗಾಗಿ ಹೊಂದಿಸಿಕೊಟ್ಟವರಲ್ಲಿ ಈ ಅಕ್ಕನೂ ಒಬ್ಬಳು. ಮುಂದೆ ಗರ್ಟ್ರೂಡ್ ಕಿವುಡ ಮಕ್ಕಳಿಗೆ ಈಜು ಕಲಿಸಿದಳು. 2003ರಲ್ಲಿ, 98ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದಳು.

ಆದರೂ ಆ ದೇಶದ ಪುಸ್ತಕ ಎಲ್ಲ ಹುಡುಗಿಯರಿಗೂ ತೆರೆಯಲಿಲ್ಲ. ಎಷ್ಟೋ ಊರುಗಳ ಕೊಳಗಳಿಗೆ ಕಪ್ಪು ಜನರನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಅಮೆರಿಕದ ಒಲಿಂಪಿಕ್ ಈಜು ತಂಡದಲ್ಲಿ ಮೊದಲ ಕಪ್ಪು ಹೆಣ್ಣುಮಗಳು ಕಾಣಿಸಿದ್ದು 2004ರಲ್ಲಿ, ಮರಿಟ್ಜಾ ಕೊರೆಯಾ. ಮುಟ್ಟು ಮೈಲಿಗೆಯೆಂದು ಕೆರೆಬಾವಿಗಳಿಗೆ ಬೇಲಿ ಹಾಕಿದ ನಾವು ಇದಕ್ಕೆ ಆಶ್ಚರ್ಯ ನಟಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿ ಈ ಮಾತಿಗೆ ಮೊದಲು ನೆನಪಾಗುವವಳು ಕಲ್ಕತ್ತೆಯ ಆರತಿ ಸಾಹಾ. 1940ರಲ್ಲಿ ಹುಟ್ಟಿ ಎರಡೂವರೆ ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಮಗು, ಅಜ್ಜಿಯ ಮನೆಯಲ್ಲಿ ಬೆಳೆಯಿತು. ಘಾಟಿಗೆ ಸ್ನಾನಕ್ಕೆ ಹೋಗುತ್ತ ಈಜು ಬಂತು. ಮಗಳ ಆಸಕ್ತಿ ನೋಡಿ ತಂದೆ ಹಟ್‌ಖೋಲಾ ಈಜು ಸಂಘಕ್ಕೆ ಸೇರಿಸಿದ. ಅಲ್ಲಿ ಕೈಹಿಡಿದವರು ಸಚಿನ್ ನಾಗ್, 1951ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಈಜುಗಾರ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದ ನಾಲ್ವರು ಭಾರತೀಯ ಹೆಣ್ಣುಮಕ್ಕಳಲ್ಲಿ ಆರತಿ ಒಬ್ಬಳು, ಹನ್ನೆರಡು ಇನ್ನೂ ತುಂಬಿರಲಿಲ್ಲ. ಬೊಂಬಾಯಿಯ ಡಾಲಿ ನಜೀರ್ ಇನ್ನೊಬ್ಬ ಈಜುಗಾರ್ತಿ. 1959ರ ಸೆಪ್ಟೆಂಬರ್ 29ರಂದು ಆರತಿ ಇಂಗ್ಲಿಷ್ ಕಾಲುವೆ ದಾಟಿದಳು, ಹಾಗೆ ದಾಟಿದ ಏಷ್ಯಾದ ಮೊದಲ ಹೆಣ್ಣು. ಬೇಕಾದದ್ದು 16 ಗಂಟೆ 20 ನಿಮಿಷ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಸೋತು ಹಿಂದಿರುಗಿದ್ದಳು.

ನಮ್ಮ ಬೆಂಗಳೂರಿನಿಂದ 2000ದಲ್ಲಿ ನಿಶಾ ಮಿಲೆಟ್ ಸಿಡ್ನಿಗೂ, 2004ರಲ್ಲಿ ಶಿಖಾ ಟಂಡನ್ ಅಥೆನ್ಸ್‌ಗೂ ಹೋದರು. 2024ರ ಪ್ಯಾರಿಸ್‌ಗೆ ಹೋದ ಧಿನಿಧಿ ದೇಸಿಂಗುವಿಗೆ ಆಗ 14 ವರ್ಷ, ಏಲೀನ್‌ಗೆ ಆಂಟ್‌ವರ್ಪ್‌ನಲ್ಲಿದ್ದಷ್ಟೇ.

ಇವು ದೊಡ್ಡ ಊರಿನ ಮಾತುಗಳು. ನಮ್ಮಂಥ ಊರುಗಳಲ್ಲಿ ಕೊಳ ಕಟ್ಟಿದ ಮೇಲೂ ಏಳನೆಯ ತರಗತಿ ದಾಟಿದ ಹುಡುಗಿಯರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ನನ್ನ ತರಗತಿಯಲ್ಲಿ ಅಂಥವಳೊಬ್ಬಳಿದ್ದಳು. ತಾಲ್ಲೂಕು ಮಟ್ಟದಲ್ಲಿ ಗೆದ್ದಿದ್ದಳು, ಎಂಟನೆಯ ತರಗತಿಗೆ ಬಂದವಳೇ ಬಿಟ್ಟಳು. ತಾಯಿಯನ್ನು ಕೇಳಿದೆ. ತಿಂಗಳ ದಿನಗಳ ಚಿಂತೆ ಹೇಳಿದರು, ಬಿಸಿಲಿಗೆ ಮೈ ಕಪ್ಪಾಗುತ್ತದೆಂದರು, ಕೊನೆಗೆ ನಿಜ ಹೊರಬಂತು. ‘ಬೆಳಗಿನ ಜಾವ ಅವಳ ಜೊತೆ ಹೋಗಿ ಕೂರುವವರು ಯಾರು ಮೇಡಂ? ನನಗೆ ಡಬ್ಬಿ ಕಟ್ಟಬೇಕು.’ ಮೊದಲಿನ ಎರಡಕ್ಕೂ ನನ್ನಲ್ಲಿ ಉತ್ತರವಿತ್ತು, ಮೂರನೆಯದಕ್ಕೆ ನಾನೇ ಹೋಗಿ ಕೂರಬೇಕಾಯಿತು. ವಾರಕ್ಕೆ ಮೂರು ದಿನ, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗುತ್ತಿದ್ದೆ. ಈಜು ಬಾರದ ನನ್ನ ಕೈಗೆ ತರಬೇತುದಾರರು ಗಡಿಯಾರ ಕೊಟ್ಟರು, ಬರೆದುಕೊಳ್ಳಲು ಒಂದು ನೋಟುಪುಸ್ತಕವನ್ನೂ ಕೊಟ್ಟರು. ನೋಡನೋಡುತ್ತ ಇನ್ನೂ ಇಬ್ಬರು ತಾಯಂದಿರು ಸರದಿಯ ಮೇಲೆ ಬರತೊಡಗಿದರು, ಐದು ಹುಡುಗಿಯರಾದರು.

ಆಕೆ ಹತ್ತನೆಯ ತರಗತಿ ಮುಗಿಯುವವರೆಗೂ ತಂಡದಲ್ಲಿದ್ದಳು. ಪಿಯುಸಿಗೆ ವಿಜ್ಞಾನ ತೆಗೆದುಕೊಂಡ ಮೇಲೆ ಬಿಟ್ಟಳು. ಟ್ಯೂಷನ್ ಕೂಡ ಬೆಳಗ್ಗೆ ಐದೂವರೆಗೇ ಇತ್ತು.