ಕಾಯಿಲ್ ಎಲ್ಲಿದೆ? ನೀರೊಳಗಿನ ಬೆಂಕಿಯ ಚರಿತ್ರೆ

ನಮ್ಮ ಊರುಗಳಲ್ಲಿ ಗೀಸರ್ ಕೆಟ್ಟರೆ ‘ಕಾಯಿಲ್ ಹೋಗಿದೆ’ ಎನ್ನುತ್ತಾರೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳುವುದೂ ಕಾಯಿಲನ್ನೇ. ಆದರೆ ರಿಪೇರಿಯವರು ಗೀಸರಿನ ತಳದ ಬೋಲ್ಟ್ ಬಿಚ್ಚಿ ಹೊರಗೆಳೆಯುವ ವಸ್ತುವಿನಲ್ಲಿ ಸುರುಳಿ ಸುತ್ತಿದ ತಂತಿ ಎಲ್ಲೂ ಕಾಣುವುದಿಲ್ಲ. ಕಾಣುವುದು ಕಿರುಬೆರಳಿನಷ್ಟು ದಪ್ಪದ, ಬಾಗಿಸಿದ ಒಂದು ಲೋಹದ ಕೊಳವೆ ಮತ್ತು ಅದರ ಮೈಗೆ ಅಂಟಿದ ಸುಣ್ಣದಂಥ ಬಿಳಿ ಹಕ್ಕಳೆ. ಹಾಗಾದರೆ ಕಾಯಿಲ್ ಎಲ್ಲಿದೆ? ಈ ಸಣ್ಣ ಪ್ರಶ್ನೆಯ ಹಿಂದೆ ದೊಡ್ಡದೊಂದು ಚರಿತ್ರೆಯಿದೆ. ಬೆಂಕಿಯನ್ನು ನೀರಿಗೆ ಎಷ್ಟು ಹತ್ತಿರ ತರಬಹುದು, ಅವೆರಡರ ನಡುವಿನ ಗೋಡೆಯನ್ನು ಎಷ್ಟು ತೆಳುವಾಗಿಸಬಹುದು ಎಂದು ಮನುಷ್ಯ ನಡೆಸಿದ ಪ್ರಯತ್ನದ ಚರಿತ್ರೆ ಅದು.

ನಮಗೆ ಪರಿಚಯವಿರುವ ಮೊದಲ ಗೋಡೆ ಹಂಡೆಯದು. ಬಚ್ಚಲುಮನೆಯ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಹೊರಗೆ ಮಸಿ, ಒಳಗೆ ನೀರು. ದೀಪಾವಳಿಯ ಹಿಂದಿನ ಸಂಜೆ ‘ನೀರು ತುಂಬುವ ಹಬ್ಬ’ದಂದು ಇದೇ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಹೂವೇರಿಸಿ ಪೂಜಿಸುತ್ತಿದ್ದರು. ಆ ಪೂಜೆಯ ಹಿಂದಿದ್ದ ದುಡಿಮೆಯನ್ನು ಮರೆಯಬಾರದು. ಬಾವಿಯಿಂದ ನೀರು ಸೇದಿ ತುಂಬಬೇಕು, ಸೌದೆ ಒಣಗಿಸಿ ಇಡಬೇಕು, ಉಳಿದವರು ಏಳುವ ಮೊದಲೇ ಎದ್ದು ಹೊಗೆಯಲ್ಲಿ ಕಣ್ಣುಜ್ಜುತ್ತ ಒಲೆ ಊದಬೇಕು. ಈ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೆ ಬರುತ್ತಿತ್ತು. ಒಲೆಯ ಶಾಖದ ಬಹುಪಾಲು ಹಂಡೆಯ ಪಕ್ಕದಿಂದ ಹೊಗೆಯೊಂದಿಗೆ ಹೊರಟುಹೋಗುತ್ತಿತ್ತು. ನಡುವೆ ಕೆಂಡದ ಕೊಳವೆಯಿದ್ದ ತಾಮ್ರದ ಬಾಯ್ಲರುಗಳು ಬಂದಾಗ ಈ ನಷ್ಟ ಸ್ವಲ್ಪ ತಗ್ಗಿತು. ಅಲ್ಲಿ ಬೆಂಕಿಯೇ ನೀರಿನ ಮಧ್ಯಕ್ಕೆ ಬಂದಿತ್ತು.

ಇಂಗ್ಲೆಂಡಿನಲ್ಲಿ ಇದೇ ತೊಂದರೆಗೆ ಗ್ಯಾಸಿನ ಪರಿಹಾರ ಹುಡುಕಿದವನು ಬೆಂಜಮಿನ್ ವ್ಯಾಡಿ ಮಾನ್. 1868ರಲ್ಲಿ ಲಂಡನ್ನಿನಲ್ಲಿ ಅವನು ಪೇಟೆಂಟ್ ಪಡೆದ ಸಾಧನದಲ್ಲಿ ಉರಿಯುವ ಗ್ಯಾಸಿನ ಶಾಖದಿಂದ ನೀರು ಹರಿಯುತ್ತಲೇ ಬಿಸಿಯಾಗುತ್ತಿತ್ತು. ಐಸ್‌ಲ್ಯಾಂಡಿನ ಪ್ರಸಿದ್ಧ ಬಿಸಿನೀರಿನ ಬುಗ್ಗೆ ‘ಗೇಸಿರ್’ನ ನೆನಪಿನಲ್ಲಿ ಅದಕ್ಕೆ ‘ಗೀಸರ್’ ಎಂಬ ಹೆಸರು ಬಂತು. ಆ ಸಾಧನಕ್ಕೆ ಹೊಗೆ ಹೊರಹೋಗುವ ಕೊಳವೆ ಇರಲಿಲ್ಲ. ಮುಚ್ಚಿದ ಬಚ್ಚಲಿನಲ್ಲಿ ಅದು ಅಪಾಯಕಾರಿಯಾಗಿತ್ತು. ಸಾಧನ ಮೂಲೆ ಸೇರಿತು, ಹೆಸರು ಮಾತ್ರ ನಮ್ಮ ಬಚ್ಚಲುಮನೆಗಳವರೆಗೂ ಬಂತು. 1889ರಲ್ಲಿ ನಾರ್ವೆ ಮೂಲದ ಎಡ್ವಿನ್ ರೂಡ್ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ತಾನಾಗಿಯೇ ಹೊತ್ತಿ ಆರುವ, ನೀರು ಸಂಗ್ರಹಿಸಿಡುವ ಗ್ಯಾಸ್ ಹೀಟರನ್ನು ರೂಪಿಸಿದ. ಇವೆಲ್ಲವೂ ಬೆಂಕಿಯನ್ನು ನೀರಿನ ಹೊರಗೇ ಇಟ್ಟ ಉಪಾಯಗಳು.

ಬೆಂಕಿಯನ್ನು ನೀರಿನ ಒಳಗೇ ಇಡಬಹುದೆಂದು ತೋರಿದ ಪ್ರಯೋಗ ಇದಕ್ಕೂ ಮೊದಲೇ ನಡೆದಿತ್ತು. 1840ರಲ್ಲಿ ಸಾಲ್ಫರ್ಡಿನ ಬಿಯರ್ ತಯಾರಕರ ಮನೆತನದ 21ರ ತರುಣ ಜೇಮ್ಸ್ ಪ್ರೆಸ್ಕಾಟ್ ಜೂಲ್, ತಂತಿಯ ಸುರುಳಿಯೊಂದನ್ನು ನೀರಿನ ಜಾಡಿಯಲ್ಲಿ ಮುಳುಗಿಸಿ, ಅದರಲ್ಲಿ ವಿದ್ಯುತ್ ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರಿನಲ್ಲಿ ಅಳೆದ. ಹುಟ್ಟುವ ಶಾಖ ತಂತಿಯ ರೋಧಕ್ಕೂ ವಿದ್ಯುತ್ ಪ್ರವಾಹದ ವರ್ಗಕ್ಕೂ ಅನುಪಾತದಲ್ಲಿರುತ್ತದೆ ಎಂಬ ನಿಯಮ ಅವನಿಗೆ ದಕ್ಕಿತು. ಇಂದು ಶಾಲೆಯ ಪಠ್ಯದಲ್ಲಿರುವ ‘ಜೂಲನ ನಿಯಮ’ ಇದೇ. ಅವನು ಹುಡುಕುತ್ತಿದ್ದದ್ದು ಸ್ನಾನದ ನೀರನ್ನಲ್ಲ; ಆದರೂ ನಮ್ಮ ಮಾತಿನ ‘ಕಾಯಿಲ್’ ಅಕ್ಷರಶಃ ಇದ್ದದ್ದು ಅವನ ಜಾಡಿಯಲ್ಲಿ.

ಜಾಡಿಯಿಂದ ಬಚ್ಚಲಿಗೆ ಬರಲು ಎರಡು ಅಡ್ಡಿಗಳಿದ್ದವು. ಮೊದಲನೆಯದು ತಂತಿಯದೇ. ಕಬ್ಬಿಣದ ತಂತಿ ಕೆಂಪಾಗಿ ಕಾದರೆ ಗಾಳಿಯ ಆಮ್ಲಜನಕ ಅದನ್ನು ಬೇಗನೆ ತಿಂದುಹಾಕುತ್ತದೆ. ಪ್ಲಾಟಿನಂ ಬಾಳುತ್ತದೆ, ಆದರೆ ಕೊಳ್ಳುವವರಾರು? ಉತ್ತರ ಕೊಟ್ಟವನು ಅಮೆರಿಕದ ಆಲ್ಬರ್ಟ್ ಮಾರ್ಷ್. ಸುಮಾರು 80 ಪಾಲು ನಿಕಲ್, 20 ಪಾಲು ಕ್ರೋಮಿಯಂ ಬೆರೆತ ಮಿಶ್ರಲೋಹಕ್ಕೆ ಅವನು 1906ರಲ್ಲಿ ಪೇಟೆಂಟ್ ಪಡೆದ. ನಾವಿಂದು ನೈಕ್ರೋಮ್ ಎನ್ನುವುದು ಇದನ್ನೇ. ಕಾದಾಗ ಇದರ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕಟ್ಟುತ್ತದೆ, ಆ ಪದರವೇ ಒಳಗಿನ ಲೋಹವನ್ನು ಕಾಯುತ್ತದೆ. ತುಕ್ಕಿನಂಥದೇ ಒಂದು ಕ್ರಿಯೆ ಇಲ್ಲಿ ಕವಚವಾಯಿತು. ಇಸ್ತ್ರಿಪೆಟ್ಟಿಗೆ, ಟೋಸ್ಟರ್, ಹೀಟರ್‌ಗಳೆಲ್ಲ ಈ ಲೋಹದ ಆಸರೆಯಲ್ಲೇ ಮನೆಗಳಿಗೆ ಬಂದವು.

ಎರಡನೆಯ ಅಡ್ಡಿ ಇನ್ನೂ ಕಠಿಣವಾದದ್ದು. ಶಾಖ ನೀರಿಗೆ ಸಲೀಸಾಗಿ ದಾಟಬೇಕು, ವಿದ್ಯುತ್ತು ಮಾತ್ರ ದಾಟಬಾರದು. ಶಾಖವನ್ನು ಚೆನ್ನಾಗಿ ದಾಟಿಸುವ ಲೋಹಗಳು ವಿದ್ಯುತ್ತನ್ನೂ ದಾಟಿಸುತ್ತವೆ. ವಿದ್ಯುತ್ತನ್ನು ತಡೆಯುವ ರಬ್ಬರು, ಗಾಜು, ಮರ ಶಾಖವನ್ನೂ ತಡೆಯುತ್ತವೆ. ಈ ಇಕ್ಕಟ್ಟಿನಿಂದ ಪಾರುಮಾಡಿದ್ದು ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿ. ಗಟ್ಟಿಯಾಗಿ ಅದುಮಿದಾಗ ಅದು ವಿದ್ಯುತ್ತನ್ನು ತಡೆದು ಶಾಖವನ್ನು ದಾಟಿಸುತ್ತದೆ. ನೈಕ್ರೋಮ್ ಸುರುಳಿಯನ್ನು ಲೋಹದ ಕೊಳವೆಯ ನಡುವೆ ನಿಲ್ಲಿಸಿ, ಸುತ್ತ ಈ ಪುಡಿ ತುಂಬಿ, ಕೊಳವೆಯನ್ನು ಹೊರಗಿನಿಂದ ಒತ್ತಿ ಸಣ್ಣದಾಗಿಸುವ ವಿಧಾನ 20ನೇ ಶತಮಾನದ ಆರಂಭದ ದಶಕಗಳಲ್ಲಿ ರೂಪುಗೊಂಡಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚಾರ್ಲ್ಸ್ ಅಬಾಟ್ ರೂಪಿಸಿದ ಇಂಥ ಎಲಿಮೆಂಟು ‘ಕ್ಯಾಲ್‌ರಾಡ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಹಂಡೆಯ ದಪ್ಪ ಗೋಡೆಯ ಜಾಗಕ್ಕೆ ಈಗ ಕೆಲವೇ ಮಿಲಿಮೀಟರಿನ ಗೋಡೆ ಬಂದಿತ್ತು. ಕಾಯಿಲ್ ಕಾಣದಿರುವುದು ಇದಕ್ಕಾಗಿ. ಅದು ಪುಡಿಯ ನಡುವೆ ಅಡಗಿ ಕುಳಿತಿದೆ.

ಕರ್ನಾಟಕಕ್ಕೆ ವಿದ್ಯುತ್ತು ಬೇಗನೇ ಬಂತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಆದರೆ ಮೊದಲ ಪಾಳಿ ಗಣಿಯದು, ದೀಪದ್ದು, ಕಾರ್ಖಾನೆಯದು. ದೀಪ ಬಂದ ಮನೆಗಳಲ್ಲೂ ಬಚ್ಚಲ ಒಲೆ ದಶಕಗಳ ಕಾಲ ಉರಿಯಿತು. ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ: ಇಂದಿನ 2000 ವಾಟಿನ ಒಂದು ಗೀಸರು 60 ವಾಟಿನ 33 ಬಲ್ಬುಗಳಷ್ಟು ವಿದ್ಯುತ್ ಎಳೆಯುತ್ತದೆ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಅದಕ್ಕೆ ಸುಮಾರು 21 ನಿಮಿಷ ಬೇಕು.

ಇಷ್ಟೆಲ್ಲ ಜಾಣತನದ ಕೊಳವೆ ಕೆಡುವುದೇಕೆ? ಮುಖ್ಯ ಆರೋಪಿ ನೀರೇ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಅದು ನೀರಿನಲ್ಲಿ ಕರಗದು. ಅತಿ ಬಿಸಿಯಿರುವ ಜಾಗಕ್ಕೇ ಹೋಗಿ ಅಂಟುತ್ತದೆ. ಹಂಡೆಯ ತಳದಲ್ಲಿ ಅಜ್ಜಿಯರು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ ಬಿಳಿ ಪದರವೂ ಇದೇ. ಹುಳಿಯ ಆಮ್ಲ ಅದನ್ನು ಕರಗಿಸುತ್ತದೆ. 1974ರಲ್ಲಿ ಬೆಂಗಳೂರಿಗೆ ಕಾವೇರಿ ನೀರಿನ ಮೊದಲ ಹಂತ ಬಂದರೂ, ಬೆಳೆಯುತ್ತ ಹೋದ ನಗರದ ಎಷ್ಟೋ ಬಡಾವಣೆಗಳು ಬೋರ್‌ವೆಲ್ಲನ್ನೇ ನೆಚ್ಚಿದವು. ಅಂಥ ಕಡೆ ಕೊಳವೆಯ ಮೇಲೆ ಹಕ್ಕಳೆ ದಪ್ಪವಾಗುತ್ತದೆ, ಶಾಖ ಹೊರಬರಲಾಗದೆ ಒಳಗೇ ಉಳಿಯುತ್ತದೆ. ಕೊನೆಗೆ ಎರಡರಲ್ಲೊಂದು ಆಗುತ್ತದೆ. ತಂತಿ ತುಂಡಾದರೆ ನೀರು ತಣ್ಣಗೇ ಇರುತ್ತದೆ. ಕೊಳವೆ ಬಿರಿದರೆ ನೀರು ಪುಡಿಗೆ ಇಳಿದು ವಿದ್ಯುತ್ತಿಗೆ ದಾರಿಯಾಗುತ್ತದೆ. ಮೊದಲನೆಯದು ಬರೀ ತೊಂದರೆ, ಎರಡನೆಯದು ಪ್ರಾಣಾಪಾಯ.

ಎಲಿಮೆಂಟು ಬದಲಿಸುವ ಕೆಲಸದ ಪ್ರತಿ ಹೆಜ್ಜೆಗೂ ಈ ಚರಿತ್ರೆಯಲ್ಲೇ ಕಾರಣ ಸಿಗುತ್ತದೆ. ಬರೀ ಸ್ವಿಚ್ಚಲ್ಲ, ಎಂಸಿಬಿಯನ್ನೇ ಇಳಿಸಿ, ವಿದ್ಯುತ್ ಇಲ್ಲವೆಂದು ಪರೀಕ್ಷಿಸುವುದು ಮೊದಲ ಹೆಜ್ಜೆ. ನೀರು ಬರುವ ವಾಲ್ವ್ ಮುಚ್ಚಿ, ಒಳಗಿನ ನೀರು ತಣಿದ ಮೇಲೆ ಖಾಲಿ ಮಾಡಬೇಕು. ಹೊರತೆಗೆದ ಎಲಿಮೆಂಟಿಗೆ ಮಲ್ಟಿಮೀಟರ್ ಹಿಡಿದರೆ 230 ವೋಲ್ಟಿನ, 2000 ವಾಟಿನದಾದರೆ ಸುಮಾರು 26 ಓಮ್ ತೋರಿಸಬೇಕು. ಅನಂತ ತೋರಿಸಿದರೆ ತಂತಿ ತುಂಡಾಗಿದೆ. ತುದಿಗೂ ಹೊರ ಕೊಳವೆಗೂ ನಡುವೆ ಸಂಪರ್ಕ ಕಂಡರೆ ಗೋಡೆ ಮುರಿದಿದೆ. ಹೊಸದನ್ನು ಅದೇ ವಾಟಿನ, ಅದೇ ಅಳತೆಯ ಫ್ಲ್ಯಾಂಜಿನದನ್ನೇ ತರಬೇಕು, ಗ್ಯಾಸ್ಕೆಟ್ ಹೊಸದಿರಬೇಕು. ಪಕ್ಕದಲ್ಲಿ ಸವೆದ ಮೆಗ್ನೀಸಿಯಂ ಸರಳು ಇದ್ದರೆ ಅದನ್ನೂ ಬದಲಿಸಬೇಕು. ತೊಟ್ಟಿಯ ಬದಲು ತಾನು ಸವೆಯುವುದೇ ಅದರ ಕೆಲಸ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕೆಗಳ ತಾಮ್ರದ ಹೊದಿಕೆ ಉಳಿಸಲು ಸತುವನ್ನೂ ಕಬ್ಬಿಣವನ್ನೂ ಬಲಿಗೊಟ್ಟದ್ದು ಇದೇ ಉಪಾಯದಿಂದ. ಎಲ್ಲ ಜೋಡಿಸಿದ ಮೇಲೆ ತೊಟ್ಟಿ ತುಂಬಿ ನಲ್ಲಿಯಲ್ಲಿ ನೀರು ಬಂದ ನಂತರವಷ್ಟೇ ಸ್ವಿಚ್ ಹಾಕಬೇಕು. ನೀರಿಲ್ಲದೆ ಕಾದ ಎಲಿಮೆಂಟು ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗಬಹುದು.

ಅನುಭವವಿಲ್ಲದವರು ಇದನ್ನು ಎಲೆಕ್ಟ್ರಿಷಿಯನ್ನರಿಗೇ ಬಿಡುವುದು ಒಳ್ಳೆಯದು. ಆದರೆ ಅವರು ಹೊರಡುವ ಮೊದಲು ಅರ್ತಿಂಗ್ ನೋಡಿದಿರಾ ಎಂದು ಕೇಳುವುದು ಎಲ್ಲರಿಗೂ ಸಾಧ್ಯ. ತೆಳು ಗೋಡೆ ಎಂದಾದರೊಂದು ದಿನ ಮುರಿಯುತ್ತದೆಂದು ತಿಳಿದವರೇ ಹಸಿರು ತಂತಿಯನ್ನು ನೆಲಕ್ಕೆ ಇಳಿಸಿದರು, 30 ಮಿಲಿಆಂಪಿಯರ್ ಸೋರಿದರೆ ತಾನೇ ಬೀಳುವ ಸ್ವಿಚ್ಚನ್ನು ಮಾಡಿದರು. ಎರಡು ತಂತಿಯ ಪ್ಲಗ್ಗಿನಲ್ಲಿ ಗೀಸರು ಓಡಿಸುವ ಮನೆ ಈ ಚರಿತ್ರೆಯ ಕೊನೆಯ ಪಾಠವನ್ನು ಓದಿಲ್ಲ. ಹಂಡೆ ಒಡೆದರೆ ಒಲೆ ಆರುತ್ತಿತ್ತು, ಅಷ್ಟೆ. ಇಲ್ಲಿ ಗೋಡೆ ಒಡೆದಾಗ ನೀರಿನ ಕೆಳಗೆ ನಿಂತಿರುವುದು ನಮ್ಮವರೇ.